ಸಿಸಿ (ಸಿಮೆಂಟ್ ಕಾಂಕ್ರೀಟು) ರಸ್ತೆ: ಸುರಿಯುವ ಮುನ್ನವೇ ಟೇಪು ಹಿಡಿಯಿರಿ

"ನಮ್ಮ ಬೀದಿಗೆ ರಸ್ತೆ ಮಾಡಿಕೊಡಿ" ಎಂದಷ್ಟೇ ಬರೆದ ಅರ್ಜಿ ಪಂಚಾಯಿತಿ ಕಪಾಟು ಸೇರುತ್ತದೆ. ಎಲ್ಲಿಂದ ಎಲ್ಲಿವರೆಗೆ, ಎಷ್ಟು ಮೀಟರ್, ಚರಂಡಿ ನೀರು ಯಾವ ಕಡೆ ಹರಿಯಬೇಕು ಎಂದು ಬರೆದು ವಾರ್ಡ್ ಸಭೆಯಲ್ಲೇ ಕೊಡಿ. ನಡಾವಳಿಯಲ್ಲಿ ದಾಖಲಾಯಿತೇ ನೋಡಿ.

ಮಂಜೂರಾದ ಕೂಡಲೇ ಅಂದಾಜು ಪಟ್ಟಿಯ (ಕೆಲಸದ ಅಳತೆ, ಖರ್ಚಿನ ವಿವರ) ನಕಲು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಅವಕಾಶವಿದೆ. ತಡಮಾಡಿದರೆ ಅಷ್ಟರಲ್ಲಿ ಕಾಂಕ್ರೀಟು ಗಟ್ಟಿಯಾಗಿ, ಬಿಲ್ಲೂ ಪಾಸಾಗಿರುತ್ತದೆ!

ದುಡ್ಡು ಸೋರುವುದು ಹೆಚ್ಚಾಗಿ ದಪ್ಪದಲ್ಲಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪಕ್ಕೆ 45 ಘನ ಮೀಟರ್ ಕಾಂಕ್ರೀಟು ಬೇಕು. 12 ಸೆಂ.ಮೀ.ಗೆ ಇಳಿಸಿದರೆ 36 ಸಾಕು. ಅಂಚಿನಲ್ಲಿ ಪೂರ್ತಿ ದಪ್ಪ ತೋರಿಸಿ ನಡುವೆ ಮಣ್ಣು ಏರಿಸುವುದು ಹಳೇ ಚಾಳಿ. ಅಂಚು ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಸುರಿಯುವ ಮುನ್ನ ಎರಡೂ ಬದಿಯ ಶಟರಿಂಗ್ (ಕಾಂಕ್ರೀಟು ಹಿಡಿದಿಡುವ ಅಂಚಿನ ಹಲಗೆ) ಮೇಲೆ ಅಡ್ಡಲಾಗಿ ದಾರ ಬಿಗಿದು, ದಾರದಿಂದ ನೆಲಕ್ಕೆ ಮೂರ್ನಾಲ್ಕು ಕಡೆ ಅಳೆಯಿರಿ. ಫೋಟೋದಲ್ಲಿ ಟೇಪಿನ ಅಂಕಿ ಕಾಣಬೇಕು.

ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದ (ಬಿಲ್ಲಿಗಾಗಿ ಎಂಜಿನಿಯರ್ ಅಳತೆ ಬರೆದಿಡುವ ಪುಸ್ತಕ) ನಕಲು ತೆಗೆಸಿ, ಅದರಲ್ಲಿರುವ ದಪ್ಪವನ್ನು ನಿಮ್ಮ ಫೋಟೋ ಜೊತೆ ಹೋಲಿಸಿ. ವ್ಯತ್ಯಾಸವಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಎರಡನ್ನೂ ಲಗತ್ತಿಸಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ.