ಲಿಂಕನ್ಸ್ ಇನ್ ಫೀಲ್ಡ್ಸ್‌ನ 13ನೆಯ ಮನೆ

ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ಚೌಕದ ಉತ್ತರ ಬದಿಯಲ್ಲಿರುವ 13ನೆಯ ಸಂಖ್ಯೆಯ ಮನೆಯಲ್ಲಿ ವಾಸ್ತುಶಿಲ್ಪಿ ಸರ್ ಜಾನ್ ಸೋನ್ ಬಾಳಿದ್ದರು. ಇಂದು ಅದು ವಸ್ತುಸಂಗ್ರಹಾಲಯ. ಇಟ್ಟಿಗೆ ಕೆಲಸದವನ ಮಗನಾಗಿ 1753ರಲ್ಲಿ ಹುಟ್ಟಿ, 45 ವರ್ಷಗಳ ಕಾಲ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾಗಿದ್ದ ಅವರು, 1837ರಲ್ಲಿ ಈ ಮನೆಯಲ್ಲೇ ತೀರಿಕೊಂಡರು. ಅವರು ಬಳಸಿದ ಪೀಠೋಪಕರಣಗಳು, ಓದಿದ ಪುಸ್ತಕಗಳು, ಕೂಡಿಟ್ಟ ಚಿತ್ರಗಳು ಮತ್ತು ಶಿಲ್ಪಗಳು ಬಹುಮಟ್ಟಿಗೆ ಅವರೇ ಇರಿಸಿದ ಜಾಗಗಳಲ್ಲಿ ಇಂದಿಗೂ ಇವೆ. ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ನಿಂತ ವಸ್ತುವಿಗೂ ತನ್ನ ಮನೆಯಲ್ಲಿ, ತನ್ನ ನೆರೆಯ ವಸ್ತುಗಳೊಡನೆ ಉಳಿದುಕೊಂಡ ವಸ್ತುವಿಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಮತ್ತೊಂದು ಸ್ಥಳವನ್ನು ನಾನು ನೋಡಿಲ್ಲ.

ಒಳಗೆ ಕಾಲಿಟ್ಟವರಿಗೆ ಮೊದಲು ಸಿಗುವುದು ಗಾಢ ಕೆಂಪು ಬಣ್ಣದ ಊಟದ ಕೋಣೆ. ಅದೇ ಗ್ರಂಥಾಲಯವೂ ಹೌದು. ಪುಸ್ತಕಗಳ ಕಪಾಟುಗಳ ಮೇಲ್ಭಾಗದಲ್ಲಿ ಕನ್ನಡಿಗಳನ್ನು ಕೂರಿಸಿರುವುದರಿಂದ ಛಾವಣಿ ಗೋಡೆಯನ್ನು ದಾಟಿ ಆಚೆಗೂ ಹರಡಿದಂತೆ ಕಾಣುತ್ತದೆ. ಅಗ್ಗಿಷ್ಟಿಕೆಯ ಮೇಲೆ ಥಾಮಸ್ ಲಾರೆನ್ಸ್ ಬರೆದ ಸೋನ್ ಅವರ ಭಾವಚಿತ್ರವಿದೆ. ಇದರ ಹಿಂದಿನ ಉಪಾಹಾರದ ಕೋಣೆ ಬಹಳ ಚಿಕ್ಕದು, ಆದರೆ ಇಡೀ ಮನೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಅದರ ತಗ್ಗಾದ ಗುಮ್ಮಟ ಗೋಡೆಗಳಿಗೆ ಪೂರ್ತಿ ತಾಗದೆ ನಿಲ್ಲುತ್ತದೆ. ಅಂಚಿನಾಚೆಯ ಮರೆಯಾದ ಗವಾಕ್ಷಿಗಳಿಂದ ಬೆಳಕು ಗೋಡೆಗುಂಟ ಇಳಿಯುತ್ತದೆ. ಅಲ್ಲಲ್ಲಿ ಕೂರಿಸಿದ ನೂರಕ್ಕೂ ಹೆಚ್ಚು ಪುಟ್ಟ ಪೀನಕನ್ನಡಿಗಳು ಅದೇ ಬೆಳಕನ್ನು ಹಂಚಿಕೊಂಡು ಕೋಣೆಯನ್ನು ಮತ್ತೆ ಮತ್ತೆ ತೋರಿಸುತ್ತವೆ. ಇದರಲ್ಲಿ ಯಾವ ಕನ್ನಡಿಯನ್ನು ಸರಿಸಿದರೂ ಲೆಕ್ಕ ತಪ್ಪುತ್ತದೆ. ಇಂಥ ಕೋಣೆಯನ್ನು ಬಿಡಿಬಿಡಿಯಾಗಿ ಸಾಗಿಸಿ ಬೇರೆಡೆ ಪ್ರದರ್ಶಿಸಿದರೆ ಅದರ ಸಾಮಗ್ರಿ ಉಳಿದೀತು, ಕೋಣೆ ಉಳಿಯಲಾರದು.

ಚಿತ್ರಗಳ ಕೋಣೆಯ ಯುಕ್ತಿಯೂ ಇದೇ ಬಗೆಯದು. ಅಷ್ಟು ಸಣ್ಣ ಜಾಗದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು ಹಿಡಿಸಿರುವುದಕ್ಕೆ ಕಾರಣ, ಗೋಡೆಗಳೇ ಕೀಲುಗಳ ಮೇಲೆ ಬಾಗಿಲಿನಂತೆ ತೆರೆದುಕೊಳ್ಳುವುದು. ಸಿಬ್ಬಂದಿ ಅವುಗಳನ್ನು ತೆರೆದು ತೋರಿಸುತ್ತಾರೆ. ತಂದೆಯ ಆಸ್ತಿಯನ್ನು ಪೋಲುಮಾಡಿದ ಯುವಕನ ಕಥೆಯನ್ನು ಹೇಳುವ, ಚಿತ್ರಕಾರ ವಿಲಿಯಂ ಹೋಗಾರ್ತ್ ಬರೆದ ಎಂಟು ಚಿತ್ರಗಳ ಮಾಲಿಕೆ ಅಲ್ಲಿದೆ.

ನೆಲಮಾಳಿಗೆಯಲ್ಲಿರುವುದು ಈಜಿಪ್ಟಿನ ದೊರೆ ಮೊದಲನೆಯ ಸೇತಿಯ ಕಲ್ಲಿನ ಶವಪೆಟ್ಟಿಗೆ. 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಪತ್ತೆಹಚ್ಚಿದ ಇದನ್ನು ಬ್ರಿಟಿಷ್ ಮ್ಯೂಸಿಯಂ ಕೊಳ್ಳಲು ಒಪ್ಪದಿದ್ದಾಗ, 1824ರಲ್ಲಿ ಸೋನ್ 2,000 ಪೌಂಡು ತೆತ್ತು ಮನೆಗೆ ತಂದರು. ಮರುವರ್ಷ ಮೂರು ಸಂಜೆ ಅತಿಥಿಗಳನ್ನು ಕರೆದು ದೀಪದ ಬೆಳಕಿನಲ್ಲಿ ಅದನ್ನು ತೋರಿಸಿದರು. ಅದು ಹುಟ್ಟಿದ ನಾಡಿನ ಸಮಾಧಿಯಿಂದ ದೂರವಾಗಿ ಇಲ್ಲಿರುವುದು ನನ್ನನ್ನು ಕಾಡಿತು. ಇದ್ದಲ್ಲೇ ಉಳಿದ ವಸ್ತುಗಳಿಗಾಗಿ ಈ ಮನೆಯನ್ನು ಮೆಚ್ಚುವವರು ಈ ಪ್ರಶ್ನೆಯನ್ನು ಬದಿಗಿಡಬಾರದು.

ಮನೆ ಹೀಗೆ ಉಳಿದದ್ದು ತಾನಾಗಿ ಅಲ್ಲ. 1815ರಲ್ಲಿ ಕಿರಿಯ ಮಗ ಜಾರ್ಜ್ ತಂದೆಯ ಕಟ್ಟಡಗಳನ್ನು ಹೀಗಳೆದು ಪತ್ರಿಕೆಯಲ್ಲಿ ಹೆಸರು ಹಾಕದೆ ಲೇಖನಗಳನ್ನು ಬರೆದ. ಅದೇ ವರ್ಷ ತಾಯಿ ಎಲೈಜಾ ತೀರಿಕೊಂಡರು. ಆ ಸಾವಿಗೆ ಮಗನೇ ಹೊಣೆಯೆಂದು ಸೋನ್ ನಂಬಿದರು. ಹಿರಿಯ ಮಗ 1823ರಲ್ಲಿ ತೀರಿಹೋದ. ಕೊನೆಗೆ ಸೋನ್ 1833ರಲ್ಲಿ ಸಂಸತ್ತಿನ ಖಾಸಗಿ ಕಾಯಿದೆಯೊಂದರ ಮೂಲಕ, ತಮ್ಮ ಕಾಲಾನಂತರ ಮನೆ ಮತ್ತು ಸಂಗ್ರಹ ಸಾಧ್ಯವಾದಷ್ಟು ತಾವು ಬಿಟ್ಟ ಸ್ಥಿತಿಯಲ್ಲೇ ಸಾರ್ವಜನಿಕರಿಗೆ ಉಳಿಯುವಂತೆ ಮಾಡಿದರು, ಜಾರ್ಜನಿಗೆ ಆ ಮನೆ ದಕ್ಕಲಿಲ್ಲ. ಇಂದು ನಾವು ಶುಲ್ಕವಿಲ್ಲದೆ ಒಳಗೆ ಓಡಾಡುವುದರ ಹಿಂದೆ ಒಂದು ಕುಟುಂಬದ ಮಾಸದ ನೋವಿದೆ ಎಂಬುದನ್ನು ತಿಳಿದ ಮೇಲೆ, ಖಾಲಿ ಕುರ್ಚಿಗಳನ್ನು ನಾನು ನೋಡಿದ ಬಗೆಯೇ ಬೇರೆಯಾಯಿತು.

ವಸ್ತುಗಳ ಪಕ್ಕದಲ್ಲಿ ವಿವರಣೆಯ ಫಲಕಗಳು ಇಲ್ಲವೆನ್ನುವಷ್ಟು ಕಡಿಮೆ. ಕೆಲವರಿಗೆ ಇದು ಕೊರತೆಯಾಗಿ ತೋರಬಹುದು. ನನಗೆ ಇದು ಸರಿಯಾದ ನಿರ್ಧಾರವೆನಿಸಿತು. ಯಾರೂ ತಮ್ಮ ಮನೆಯ ಮೇಜಿಗೆ ಚೀಟಿ ಅಂಟಿಸಿಕೊಂಡು ಬದುಕುವುದಿಲ್ಲ, ಮತ್ತು ಓದಲು ಏನೂ ಇಲ್ಲದಾಗ ಕಣ್ಣು ವಸ್ತುವಿನ ಮೇಲೆಯೇ ನಿಲ್ಲುತ್ತದೆ. ಕೇಳಬೇಕೆನಿಸಿದ್ದನ್ನು ಕೋಣೆಯಲ್ಲಿರುವ ಸಿಬ್ಬಂದಿಯನ್ನು ಕೇಳಬಹುದು.

ಕಾಯಿದೆಯಿದ್ದರೂ ಎಲ್ಲವೂ ಅಲುಗಾಡದೆ ಉಳಿಯಲಿಲ್ಲ. ಎರಡನೆಯ ಮಹಡಿಯ ಖಾಸಗಿ ಕೋಣೆಗಳು ದೀರ್ಘಕಾಲ ಬೇರೆ ಉಪಯೋಗಕ್ಕೆ ಹೋಗಿದ್ದವು. ಸೋನ್ ಅವರ ಕಾಲದಲ್ಲೇ ಆ ಕೋಣೆಗಳನ್ನು ಜಲವರ್ಣದಲ್ಲಿ ಚಿತ್ರಿಸಿಟ್ಟಿದ್ದರಿಂದ, ಯಾವ ವಸ್ತು ಎಲ್ಲಿತ್ತೆಂದು ತಿಳಿದು ಅವುಗಳನ್ನು ಮರುರೂಪಿಸಲು ಸಾಧ್ಯವಾಯಿತು. 2015ರಲ್ಲಿ ಅವು ಮತ್ತೆ ತೆರೆದವು. ಎಲೈಜಾ ಮಲಗುತ್ತಿದ್ದ ಕೋಣೆಯನ್ನು ಸೋನ್ ತಮ್ಮ ಕೊನೆಯ ವರ್ಷಗಳಲ್ಲಿ ಕಟ್ಟಡಗಳ ಮಾದರಿಗಳನ್ನಿಡುವ ಕೋಣೆಯನ್ನಾಗಿ ಮಾಡಿಕೊಂಡಿದ್ದರು. ಅದನ್ನು ಮತ್ತೆ ಮಲಗುವ ಕೋಣೆಯನ್ನಾಗಿಸದೆ, ಸೋನ್ ಬಿಟ್ಟುಹೋದಂತೆ ಮಾದರಿಗಳ ಕೋಣೆಯಾಗಿಯೇ ಮರಳಿ ಕಟ್ಟಿರುವುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ, ಏಕೆಂದರೆ ಆ ಬದಲಾವಣೆಯನ್ನು ಮಾಡಿದವರು ಮನೆಯ ಯಜಮಾನರೇ.