ಹಂಪಿಗೆ ಟಿಕೆಟ್ ತಗೊಂಡು ಲಕ್ಕುಂಡಿಯಲ್ಲಿ ಇಳಿದಿದ್ದು

ಗದಗಿನಲ್ಲಿ ಒಂದು ಪ್ಲೇಟ್ ಗಿರ್ಮಿಟ್ ತಿಂದು ಹೊಸಪೇಟೆ ಬಸ್ ಹತ್ತಿದೆ. ಪಕ್ಕದ ಸೀಟಿನ ಅಜ್ಜ ಮಾತಿಗೆ ಶುರು ಮಾಡಿದರು.

"ಯಾವೂರು ತಮ್ಮಾ ನಿಂದು?"

"ಮೈಸೂರು. ಹಂಪಿಗೆ ಹೊರಟಿದ್ದೀನಿ."

"ಹಂಪಿ ಎಲ್ಲಾರೂ ನೋಡ್ತಾರ ಬಿಡು. ನಮ್ಮ ಲಕ್ಕುಂಡ್ಯಾಗ ನೂರಾವೊಂದು ಗುಡಿ, ನೂರಾವೊಂದು ಬಾವಿ ಅದಾವು."

"ನೀವು ಎಣಿಸಿದ್ದೀರಾ ಅಜ್ಜಾ?"

"ನಾ ಯಾಕ ಎಣಸ್ಲಿ? ನಾ ಅಲ್ಲೇ ಹುಟ್ಟೀನಿ. ಎಣಸೋದು ಬಂದವ್ರ ಕೆಲಸ."

ಲಕ್ಕುಂಡಿ ಬಂತು. ಅಜ್ಜ ಇಳಿದರು, ಹಿಂದೆಯೇ ನಾನೂ ಇಳಿದೆ. ಹೊಸಪೇಟೆಗೆ ಟಿಕೆಟ್ ಹರಿದಿದ್ದ ಕಂಡಕ್ಟರ್ ನನ್ನ ಮುಖವನ್ನೇ ನೋಡಿದ.

ದಾರಿ ಕೇಳಲಿಲ್ಲ, ಮ್ಯಾಪ್ ತೆಗೆಯಲಿಲ್ಲ, ಸುಮ್ನೆ ಓಣಿ ಹೋದ ಕಡೆ ನಡೆದೆ. ಮನೆಗಳ ನಡುವೆ ಥಟ್ಟನೆ ಕಾಶಿವಿಶ್ವನಾಥನ ಗುಡಿ. ಅದರ ಎದುರಿಗೇ, ಅದಕ್ಕೆ ಮುಖ ಮಾಡಿ, ಸೂರ್ಯನ ಪುಟ್ಟ ಗುಡಿ. ಬಾಗಿಲವಾಡದ ಮುಂದೆ ನಿಂತವನು ಎಷ್ಟು ಹೊತ್ತು ನಿಂತೆನೋ. ಪಟ್ಟಿಯ ಪಕ್ಕ ಪಟ್ಟಿ, ಪ್ರತಿ ಪಟ್ಟಿಯಲ್ಲೂ ಬಳ್ಳಿ, ಬಳ್ಳಿಯ ಸುತ್ತಿನಲ್ಲಿ ಸಣ್ಣ ಸಣ್ಣ ಆಕೃತಿಗಳು. ಬಳಪದ ಕಲ್ಲು ಮೆತ್ತಗಿರುತ್ತೆ ಅಂತ ಗೊತ್ತು, ಆದರೂ ಇಷ್ಟು ಸಣ್ಣ ಕೆಲಸವಾ! ಅಲ್ಲಿ ನಾನೊಬ್ಬನೇ ಇದ್ದೆ. ಹಂಪಿಯ ಕಲ್ಲಿನ ರಥದ ಮುಂದೆ ಸೆಲ್ಫಿಗೆ ಸರದಿ ಕಾಯುವ ನಾವು ಇಲ್ಲಿ ಯಾಕೆ ಇಳಿಯಲ್ಲ?

ಆಮೇಲೆ ಬ್ರಹ್ಮ ಜಿನಾಲಯ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಹೆಸರನ್ನು ಸ್ಕೂಲಿನಲ್ಲಿ ಒಂದು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಅವಳು 1007ರಲ್ಲಿ ಕಟ್ಟಿಸಿದ ಬಸದಿ ಇದೇ ಅಂತ ಬೋರ್ಡ್ ಓದಿದಾಗಲೇ ತಿಳಿದದ್ದು. ಒಳಗೆ ನಾಲ್ಕು ಮುಖದ ಬ್ರಹ್ಮ ನಿಂತಿದ್ದಾನೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋವರೆಗೂ ಯಾರೋ ಮನುಷ್ಯರೇ ನಿಂತಿದ್ದಾರೆ ಅಂದುಕೊಂಡಿದ್ದೆ.

ಮಧ್ಯಾಹ್ನ ಹೋಗೋದಾದರೆ ಸಾಕ್ಸ್ ಇಟ್ಟುಕೊಳ್ಳಿ. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಕುಣಿದು ಅಂಗಾಲಲ್ಲಿ ಬೊಬ್ಬೆ ಎದ್ದವನ ಮಾತಿದು. ಇನ್ನೊಂದು, ರೂಮಿಗೆ ಮುಂಚೆಯೇ ಪೂರ್ತಿ ದುಡ್ಡು ಕಟ್ಟಬೇಡಿ. ಒಂದು ದಿನ ತಡ ಅಂತ ಫೋನ್ ಮಾಡಿದರೆ ಹಂಪಿಯ ರೂಮಿನವರು ಒಂದು ರೂಪಾಯಿಯನ್ನೂ ವಾಪಸ್ ಕೊಡಲಿಲ್ಲ. ಇನ್ನೂ ಹೊಟ್ಟೆ ಉರಿಯುತ್ತೆ.

ಕಾಲು ಉರಿಯುತ್ತಿದ್ದರೂ ಬಾವಿ ಹುಡುಕೋದು ಬಿಡಲಿಲ್ಲ. ಕನ್ನೆ ಬಾವಿ, ಛಬ್ಬೇರ ಬಾವಿ, ಕೊನೆಗೆ ಮುಸುಕಿನ ಬಾವಿ. ಈ ಕೊನೆಯದು ಬಾವಿ ಅನ್ನೋದಕ್ಕಿಂತ ನೆಲದೊಳಗೆ ಇಳಿಯುವ ಗುಡಿ. ಮೆಟ್ಟಿಲುಗಳ ನಡುನಡುವೆ ಪುಟ್ಟ ಪುಟ್ಟ ಗೂಡುಗಳಿವೆ. ಒಂದರ ಪಕ್ಕ ನೆರಳಲ್ಲಿ ಕೂತೆ, ಸಂಜೆ ಆಗಿದ್ದೇ ತಿಳಿಯಲಿಲ್ಲ.

ರಸ್ತೆಗೆ ಬಂದು ನಿಂತರೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೊಂದು ನಿಲ್ಲಿಸದೆ ಹೋದವು. ಚಹಾದಂಗಡಿ ಕಟ್ಟೆಯ ಮೇಲೆ ಅದೇ ಅಜ್ಜ ಕೂತಿದ್ದರು.

"ಎಷ್ಟು ಬಾವಿ ಆದ್ವು?"

"ಮೂರು."

"ಮೂರಾ! ಇನ್ನೂ ತೊಂಬತ್ತೆಂಟು ಉಳದಾವು. ಎಲ್ಲಿ ಹೊಂಟಿ, ಇವತ್ತ ಇಲ್ಲೇ ವಸ್ತಿ ಮಾಡು."