‘ನ್ಯೂ ಮೂನ್’ ಬಿಟ್ಟು ಮುಂದಕ್ಕೆ ಹೋಗಬಹುದಾ?

ಟ್ವೈಲೈಟ್ ಕಾದಂಬರಿ ಸರಣಿ ಹಿಡಿದವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದೊಂದೇ. “ಎರಡನೇ ಪುಸ್ತಕ ಬೋರು ಅಂತಾರಲ್ಲ, ಅದನ್ನು ಬಿಟ್ಟು ಸೀದಾ ಮೂರನೆಯದಕ್ಕೆ ಹೋದರೆ ಆಗುತ್ತಾ?”

ಬೇಡ, ಬಿಡಬೇಡಿ. ನಾಲ್ಕರಲ್ಲಿ ನನಗೆ ತುಂಬಾ ಹಿಡಿಸಿದ್ದೇ ಅದು. (ಮುಂದೆ ಕಥೆಯ ಗುಟ್ಟು ಹೇಳಿಬಿಡುತ್ತೇನೆ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.)

ಸ್ಟೆಫನಿ ಮೆಯರ್ ಅವರ ಮೊದಲ ಪುಸ್ತಕ ಬಂದದ್ದು 2005ರಲ್ಲಿ, ‘ನ್ಯೂ ಮೂನ್’ 2006ರಲ್ಲಿ. ಬೇಸರ ಬಂತು ಅನ್ನುವವರ ಮಾತು ಸುಳ್ಳಲ್ಲ. ಅವರು ಮೊದಲನೆಯದನ್ನು ಬೆಲ್ಲಾ ಅನ್ನುವ ಹುಡುಗಿ ಪ್ರೀತಿಸುವ ರಕ್ತಪಿಶಾಚಿ ಎಡ್ವರ್ಡ್‌ಗಾಗಿಯೇ ಓದಿದವರು. ಇಲ್ಲಿ ಬೆಲ್ಲಾಳ 18ನೇ ಹುಟ್ಟುಹಬ್ಬದ ದಿನ, ಉಡುಗೊರೆ ಬಿಚ್ಚುವಾಗ ಕಾಗದ ತಾಗಿ ಬೆರಳಿಗೆ ಗೀರು ಬೀಳುತ್ತದೆ. ಒಂದು ಹನಿ ರಕ್ತ, ಅಷ್ಟೇ. ಎಡ್ವರ್ಡ್ ಮನೆಯವನೇ ಆದ, ಅವನ ಹಾಗೇ ರಕ್ತಪಿಶಾಚಿಯಾದ ಜಾಸ್ಪರ್ ಅವಳ ಮೇಲೆ ಎರಗುತ್ತಾನೆ. ನಮ್ಮಿಂದಲೇ ಇವಳಿಗೆ ಅಪಾಯ ಅಂದುಕೊಂಡ ಎಡ್ವರ್ಡ್, ನೀನು ನನಗೆ ಬೇಡ ಅಂತ ಸುಳ್ಳು ಹೇಳಿ ಹೊರಟುಹೋಗುತ್ತಾನೆ. ಮತ್ತೆ ಅವನು ಕಣ್ಣೆದುರು ಬರುವುದು ಕೊನೆ ಕೊನೆಗೆ.

ಅವನು ಹೋದ ಮೇಲಿನ ಪುಟಗಳಲ್ಲಿ ಏನಿದೆ ಗೊತ್ತಾ? ಅಕ್ಟೋಬರ್. ನವೆಂಬರ್. ಡಿಸೆಂಬರ್. ಜನವರಿ. ಪುಟಕ್ಕೊಂದು ತಿಂಗಳ ಹೆಸರು, ಮತ್ತೇನೂ ಇಲ್ಲ. ಪ್ರೀತಿಸಿದವರು ಬಿಟ್ಟುಹೋದ ಮೇಲೆ ದಿನಗಳು ಹಾಗೇ ಅಲ್ವಾ? ವಿರಹವನ್ನು ಪುಟಗಟ್ಟಲೆ ಹಾಡಿದ್ದು ನಮಗೇನೂ ಹೊಸದಲ್ಲ. ಅದನ್ನು ಹೀಗೆ ಖಾಲಿ ಬಿಟ್ಟು ಹೇಳಿದ್ದನ್ನು ನಾನು ಮೊದಲು ನೋಡಿದ್ದು ಇಲ್ಲೇ. 2009ರ ಸಿನಿಮಾದಲ್ಲಿ ಬೆಲ್ಲಾ ಕುರ್ಚಿಯಲ್ಲಿ ಕೂತೇ ಇರುತ್ತಾಳೆ, ಕ್ಯಾಮೆರಾ ಸುತ್ತುತ್ತದೆ, ಕಿಟಕಿಯಾಚೆ ತಿಂಗಳುಗಳು ಕಳೆಯುತ್ತವೆ. ಅದೂ ಚೆನ್ನಾಗಿದೆ. ಆದರೆ ಆ ಪುಟಗಳನ್ನು ಮಗುಚುವಾಗ ನನ್ನ ಕೈ ನಿಧಾನವಾಗಿತ್ತು.

ಇನ್ನು ಜೇಕಬ್. ಮೊದಲ ಪುಸ್ತಕದಲ್ಲಿ ಹೀಗೆ ಬಂದು ಹಾಗೆ ಹೋಗುವ ಹುಡುಗ. ಇಲ್ಲಿ ಬೆಲ್ಲಾ ಎರಡು ಮುರುಕಲು ಬೈಕ್ ತಂದು ಅವನ ಮುಂದೆ ಇಡುತ್ತಾಳೆ. ಅವನ ಊರು ಲಾ ಪುಷ್‌ನ ಗ್ಯಾರೇಜಿನಲ್ಲಿ ಇಬ್ಬರೂ ದಿನಗಟ್ಟಲೆ ಕೂರುತ್ತಾರೆ. ಅವನು ರಿಪೇರಿ ಮಾಡುತ್ತಾನೆ, ಇವಳು ಮಾತಾಡಲು ಶುರು ಮಾಡುತ್ತಾಳೆ, ನಿಧಾನಕ್ಕೆ ನಗುತ್ತಾಳೆ. ಬೋರು ಅನ್ನಿಸಿಕೊಳ್ಳುವುದು ಇದೇ ಭಾಗ. ನನಗೆ ಮಾತ್ರ ಇಡೀ ಸರಣಿಯಲ್ಲಿ ಇಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಇದನ್ನು ಓದದೆ 2007ರ ‘ಎಕ್ಲಿಪ್ಸ್’ಗೆ ಹಾರಿದರೆ, ಅಲ್ಲಿ ಬೆಲ್ಲಾ ಇಬ್ಬರ ನಡುವೆ ಯಾಕೆ ಅಷ್ಟು ಒದ್ದಾಡುತ್ತಾಳೆ ಅಂತಲೇ ತಿಳಿಯುವುದಿಲ್ಲ. ಜೇಕಬ್ ಸುಮ್ನೆ ಅಡ್ಡ ಬಂದವನ ಹಾಗೆ ಕಾಣುತ್ತಾನೆ.

ಒಂದು ಆಕ್ಷೇಪವನ್ನು ಮಾತ್ರ ನಾನೂ ಒಪ್ಪುತ್ತೇನೆ. ಅಪಾಯಕ್ಕೆ ಕೈ ಹಾಕಿದಾಗಲೆಲ್ಲ ಬೆಲ್ಲಾಳಿಗೆ ಎಡ್ವರ್ಡ್‌ನ ದನಿ ಕೇಳಿಸುತ್ತದೆ. ಆ ದನಿಗಾಗಿ ಅವಳು ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರುತ್ತಾಳೆ. ಇದನ್ನು ದೊಡ್ಡ ಪ್ರೀತಿ ಅಂತ ಹೊಗಳಲು ನನ್ನಿಂದ ಆಗದು. ಮನೆಯ ಮಕ್ಕಳು ಓದುತ್ತಿದ್ದರೆ ಈ ಜಾಗದಲ್ಲಿ ಅವರ ಜೊತೆ ಕೂತು ಮಾತಾಡಿ. ಇನ್ನೊಂದು ಮಾತು: ಕಥೆಯಲ್ಲಿ ತೋಳವಾಗಿ ಬದಲಾಗುವ ಜೇಕಬ್‌ನ ಬುಡಕಟ್ಟು, ಕ್ವಿಲಿಯೂಟ್ ಜನ, ನಿಜವಾಗಿಯೂ ಇದ್ದಾರೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ದಡದಲ್ಲಿ. ತಮ್ಮ ಮೂಲ ತೋಳಗಳಿಂದ ಅನ್ನುವ ಕಥೆ ಅವರದ್ದೇ. ರಕ್ತಪಿಶಾಚಿಗಳ ಜೊತೆಗಿನ ಹಗೆ ಲೇಖಕಿ ಸೇರಿಸಿದ್ದು.

ಕೊನೆಯ ಓಟ ಇಟಲಿಯ ವೊಲ್ಟೆರಾದಲ್ಲಿ, ಕಥೆಯಲ್ಲಿ ರಕ್ತಪಿಶಾಚಿಗಳನ್ನು ಆಳುವವರು ಇರುವ ಊರಿನಲ್ಲಿ. ಸಮುದ್ರಕ್ಕೆ ಹಾರಿದ ಬೆಲ್ಲಾ ಸತ್ತಳೆಂದು ನಂಬಿದ ಎಡ್ವರ್ಡ್ ತಾನೂ ಸಾಯಲು ಅಲ್ಲಿಗೆ ಹೋಗಿರುತ್ತಾನೆ. ರೋಮಿಯೋನ ನೆನಪು ಬರಲೆಂದೇ ಬರೆದದ್ದು. ಅವಸರ ಜಾಸ್ತಿಯಾಯಿತು ಅನ್ನಿಸಿತು, ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ.

ಹಾಗಾಗಿ ಗ್ಯಾರೇಜಿನ ತನಕವಾದರೂ ಬನ್ನಿ. ಅಲ್ಲೂ ಬೇಸರ ಆದರೆ ಮುಚ್ಚಿಡಿ, ಯಾಕೆ ಅಂತ ನನಗೂ ಹೇಳಿ.